ಕಾಕಾನ ಫಟಫಟಿಗೆ ಕುಸುಬಿ ಎಣ್ಣೆ

ಇವತ್ತು ಮುಂಜಾನೆ ಹಾಲು ತರಲೆಂದು ಅಂಗಳಕ್ಕೆ ಇಳಿದಾಗ ಮಗಳ ಸ್ಕೂಟರು ಕಣ್ಣಿಗೆ ಬಿತ್ತು. ದಿನಾ ಬಾಗಿಲಿಗೆ ಮುಖ ಮಾಡಿ ನಿಲ್ಲುವ ಗಾಡಿ ಇವತ್ತು ಎಡ ಮಗ್ಗುಲನ್ನು ಗೋಡೆಗೆ ಒತ್ತಿಕೊಂಡು ನಿಂತಿತ್ತು. ಬಗ್ಗಿ ನೋಡಿದೆ. ಎಡಗಡೆಯ ಕನ್ನಡಿ ಇರಲಿಲ್ಲ. ಅದರ ದಂಟು ಮಾತ್ರ ಸೊಟ್ಟಗಾಗಿ ಉಳಿದಿತ್ತು, ಹ್ಯಾಂಡಲಿನ ತುದಿ ನೆಲಕ್ಕೆ ಉಜ್ಜಿ ಬೆಳ್ಳಗಾಗಿತ್ತು. ಒಳಗೆ ಬಂದರೆ ಮಗಳು ಪುಸ್ತಕ ಹಿಡಿದು ತಲೆ ಎತ್ತದೆ ಓದುತ್ತಿದ್ದಳು. ಹದಿನೆಂಟು ವರ್ಷದ ಮಕ್ಕಳು ಭಾನುವಾರ ಮುಂಜಾನೆ ಅಷ್ಟು ಶ್ರದ್ಧೆಯಿಂದ ಓದಲು ಕುಳಿತರೆ ಏನೋ ಆಗಿದೆ ಎಂದೇ ತಿಳಿಯಬೇಕು. ನಾನೂ ಆ ವಯಸ್ಸನ್ನು ದಾಟಿಯೇ ಬಂದವನು.

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ಕುಸುಬಿ ಎಣ್ಣೆ ಕಾಯ್ದ ಹೊಗೆ ಬಂತು. ಹೆಂಡತಿ ಮೆಣಸಿನಕಾಯಿ ಭಜಿಗೆ ಎಣ್ಣೆ ಇಟ್ಟು ಮರೆತಿದ್ದಳು. ನೀವು ನಮ್ಮ ಕಡೆಯವರಾದರೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ. ತುಸು ಒಗರು, ತುಸು ಘಾಟು. ಮಂದಿಗೆ ಅದರಿಂದ ಹಸಿವಾಗುತ್ತದೆ, ನನಗೆ ಒಂದು ಮೋಟಾರ್ ಸೈಕಲ್ಲು ನೆನಪಾಗುತ್ತದೆ. ಬೈಯುವುದು ಅಲ್ಲಿಗೇ ಉಳಿಯಿತು. ನಾನು ಹೊರಗಿನ ಕಟ್ಟೆಗೆ ಬಂದು ಕುಳಿತೆ. ನೀವೂ ಕೂಡ್ರಿ, ಭಜಿ ಆಗುವವರೆಗೆ ಹೇಳಿ ಮುಗಿಸುತ್ತೇನೆ.

ನನ್ನ ಕಾಕಾ, ಎಂದರೆ ಅಪ್ಪನ ತಮ್ಮ, ಕಮಲಾಪುರದ ಶಾಲೆಯಲ್ಲಿ ಕನ್ನಡ ಮಾಸ್ತರರಾಗಿದ್ದರು. ಮನೆ ಇಲ್ಲೇ, ಕಲಬುರಗಿಯ ಬ್ರಹ್ಮಪುರದಲ್ಲಿ. ನಾನು ಕಾಲೇಜು ಓದಲೆಂದು ಹಳ್ಳಿಯಿಂದ ಬಂದು ಅವರ ಮನೆ ಸೇರಿದವನು, ಓದು ಮುಗಿದು ನೌಕರಿ ಸಿಕ್ಕರೂ ಅಲ್ಲೇ ಉಳಿದೆ. ಕಾಕಾ ಮತ್ತು ಅವರ ಹೆಂಡತಿ ಕಾಕುಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಅವರಿಬ್ಬರು, ನಾನು, ಮತ್ತು ಎಲ್ಲರ ಮೇಲೆ ಅಜ್ಜಿ. ದೇವರ ಮುಂದೆ ಕನ್ನಡ, ಸಿಟ್ಟು ಬಂದಾಗ ಮರಾಠಿ, ಇದು ಅಜ್ಜಿಯ ಪದ್ಧತಿ. ಅವಳ ಬಾಯಲ್ಲಿ ಮರಾಠಿ ಕೇಳಿಸಿದರೆ ಮನೆಯ ಬೆಕ್ಕು ಕೂಡ ಅಟ್ಟ ಹತ್ತುತ್ತಿತ್ತು.

ಕಾಕಾ ದಿನಾಲು ಕಮಲಾಪುರಕ್ಕೆ ಹೋಗಿ ಬರುತ್ತಿದ್ದುದು ಒಂದು ಕಪ್ಪು ಫಟಫಟಿಯ ಮೇಲೆ. ಆಗ ಮೋಟಾರ್ ಸೈಕಲ್ಲಿಗೆ ನಾವೆಲ್ಲ ಹಾಗೇ ಅನ್ನುತ್ತಿದ್ದೆವು. ಯಾವ ಕಂಪನಿಯದು ಎಂದು ಕೇಳಬೇಡಿ. ತಪ್ಪು ಕಂಪನಿಯದಲ್ಲ, ನನ್ನದು. ಆ ಗಾಡಿಯ ಒಂದು ಗುಣ ಮಾತ್ರ ನಿಮಗೆ ಗೊತ್ತಿರಬೇಕು. ಅದರ ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲೇ ಕಲಸಿ ಟಾಕಿಗೆ ಹಾಕಬೇಕಾಗಿತ್ತು. ಬರೀ ಪೆಟ್ರೋಲು ಹಾಕಿದರೆ ಗಾಡಿ ಓಡುತ್ತದೆ, ಸ್ವಲ್ಪ ದೂರ ಜೋರಾಗಿಯೇ ಓಡುತ್ತದೆ, ಆಮೇಲೆ ಒಳಗೆಲ್ಲ ಒಣಗಿ, ಕಾದು, ಕಚ್ಚಿ ಕೂಡುತ್ತದೆ. ನಮ್ಮ ಮನೆಗಳಲ್ಲಿ ಎಲೆಯ ಮೇಲೆ ಅನ್ನ ಬಿದ್ದ ಕೂಡಲೇ ಅದರ ಮೇಲೆ ಒಂದು ಹನಿ ತುಪ್ಪ ಹಾಕುತ್ತಾರೆ. ಅದಕ್ಕೆ ಅನ್ನಶುದ್ಧಿ ಎನ್ನುತ್ತಾರೆ, ಅದು ಬೀಳದೆ ಯಾರೂ ತುತ್ತು ಎತ್ತುವುದಿಲ್ಲ. ಕಾಕಾ ಪೆಟ್ರೋಲಿಗೆ ಎಣ್ಣೆ ಕಲಸುವಾಗೆಲ್ಲ, "ಅನ್ನಶುದ್ಧಿ ಇಲ್ದ ಊಟ ಇಲ್ಲ, ಎಣ್ಣಿ ಇಲ್ದ ಪೆಟ್ರೋಲ್ ಇಲ್ಲ" ಎಂದು ನನಗೆ ಕೇಳುವಂತೆ ಹೇಳುತ್ತಿದ್ದರು. ನೂರು ಸಲ ಕೇಳಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ನಮ್ಮ ಗಲ್ಲಿಯ ಕಟ್ಟೆಗಳ ಮೇಲೆ ಮುಂಜಾನೆ ಹಿರಿಯರು ಜಪ ಮಾಡುತ್ತ ಕೂಡುತ್ತಿದ್ದರು. ಅವರ ಮುಂದೆ ಗಾಡಿ ಹತ್ತಿ ಸದ್ದು ಮಾಡುತ್ತ ಹೋಗುವುದು ಸೊಕ್ಕಿನ ಲಕ್ಷಣ ಎಂದು ಕಾಕಾನ ತಿಳಿವಳಿಕೆ. ಹೀಗಾಗಿ ಅವರು ಗಾಡಿಯನ್ನು ಮನೆಯಿಂದ ಗಲ್ಲಿಯ ತಿರುವಿನ ಹಿಟ್ಟಿನ ಗಿರಣಿಯವರೆಗೆ ತಳ್ಳಿಕೊಂಡೇ ಹೋಗುವರು, ಅಲ್ಲಿ ಕಿಕ್ ಹೊಡೆಯುವರು. ಬರುವಾಗಲೂ ಅಷ್ಟೇ, ಗಿರಣಿಯ ಹತ್ತಿರ ಬಂದ್ ಮಾಡಿ ತಳ್ಳಿಕೊಂಡು ಬರುವರು. ಕಾಕು ಜೊತೆಗೆ ಹೋಗುವುದಿದ್ದರೆ ಇದು ಇನ್ನೂ ಚೆಂದ. ಸೊಸೆ ಗಂಡನ ಹಿಂದೆ ಗಾಡಿಯ ಮೇಲೆ ಕೂತದ್ದನ್ನು ಗಲ್ಲಿ ನೋಡಬಾರದು. ಕಾಕಾ ಗಾಡಿ ತಳ್ಳುತ್ತ ಮುಂದೆ, ಕಾಕು ತಲೆಯ ಮೇಲೆ ಸೆರಗು ಹೊದ್ದು ಇಪ್ಪತ್ತು ಹೆಜ್ಜೆ ಹಿಂದೆ, ಇಬ್ಬರಿಗೂ ಪರಿಚಯವೇ ಇಲ್ಲದಂತೆ. ಗಿರಣಿ ದಾಟಿದ ಮೇಲೆ ಅವಳು ಹತ್ತಿ ಕೂಡುವಳು. ಇದು ಇಡೀ ಗಲ್ಲಿಗೆ ಗೊತ್ತಿತ್ತು, ಇಡೀ ಗಲ್ಲಿ ಗೊತ್ತಿಲ್ಲದಂತೆ ಜಪ ಮಾಡುತ್ತಿತ್ತು.

ಅದೂ ವರ್ಷಕ್ಕೊಮ್ಮೆಯೋ ಎರಡು ಸಲವೋ, ಗುಡಿಗೆ, ದವಾಖಾನೆಗೆ. ಕಮಲಾಪುರವನ್ನು ಕಾಕು ನೋಡಿಯೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಗಂಡ ಆ ಊರಿಗೆ ಹೋಗಿ ಬಂದರು; ಅವಳು ಅವರ ಬುತ್ತಿ ಕಟ್ಟಿದಳು, ಶಾಲೆಯ ಸುದ್ದಿ ಕೇಳಿದಳು. ಶಾಲೆಯ ಮುಂದಿನ ಬೇವಿನ ಮರ, ಅದಕ್ಕೆ ಗಂಟೆ ಎಂದು ತೂಗುಹಾಕಿದ ರೈಲುಹಳಿಯ ತುಂಡು, ಊರಿನ ಕೆಂಪು ಬಾಳೆಹಣ್ಣು, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಎಂಬತ್ತರ ದಶಕದ ನಡುವೆ ಕಾಕಾ ನಿವೃತ್ತರಾಗುವಾಗ ಶಾಲೆಯವರು ಬೀಳ್ಕೊಡುವ ಸಮಾರಂಭ ಇಟ್ಟುಕೊಂಡರು. "ಮಾಸ್ತರ, ಅಕ್ಕಾವ್ರನ್ನ ಕರಕೊಂಡೇ ಬರಬೇಕು. ಅವರ ಉಡಿ ತುಂಬಬೇಕಂತ ಮಾಡೀವಿ" ಎಂದು ಹೇಳಿ ಕಳಿಸಿದರು. ಅಜ್ಜಿ ಒಪ್ಪಿದಳು. ಕಾಕು ಎಂಟು ದಿನ ಮೊದಲೇ ಇಳಕಲ್ ಸೀರೆ ತೆಗೆದು ಗಾಳಿಗೆ ಹಾಕಿದಳು. ಅವಳು ಹಾಡು ಗುಣುಗುವುದನ್ನು ನಾನು ಕೇಳಿದ್ದು ಆ ಎಂಟು ದಿನ ಮಾತ್ರ.

ಹಿಂದಿನ ದಿನ ಸಂಜೆ ನಾನು ಗಾಡಿ ಕೇಳಿ ತೆಗೆದುಕೊಂಡು ಹೋದೆ. "ಪೆಟ್ರೋಲ್ ಹಾಕಿಸ್ಕೊಂಡ ಬರ್ತೀನಿ ಕಾಕಾ, ನಾಳೆ ನಿಮಗ ತೊಂದ್ರಿ ಬ್ಯಾಡ" ಎಂದೆ. ಎಂಥ ಉಪಕಾರಿ ನೋಡಿ! ಮನಸ್ಸಿನಲ್ಲಿದ್ದದ್ದು ನಂದೂರಿನ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಗೆಳೆಯನಿಗೆ ನನ್ನ ಸವಾರಿ ತೋರಿಸುವುದು. ಆ ಗಾಡಿ ಹೊಗೆ ಬಿಡುತ್ತಿತ್ತು, ಆ ಹೊಗೆ ಮುದುಕರ ಗಾಡಿಯ ಗುರುತು ಎಂದು ಗೆಳೆಯರು ನಗುತ್ತಿದ್ದರು. ಎಣ್ಣೆ ಇಲ್ಲದಿದ್ದರೆ ಹೊಗೆಯೂ ಇಲ್ಲ, ಓಟವೂ ಜಾಸ್ತಿ ಎಂಬುದು ಚಹಾದ ಹೋಟೆಲಿನಲ್ಲಿ ನಾವೆಲ್ಲ ಕೂಡಿ ಕಂಡುಹಿಡಿದ ವಿಜ್ಞಾನ. ಪೆಟ್ರೋಲ್ ಪಂಪಿನವನು, "ಆಯಿಲ್ ಹಾಕ್ಲೇನ್ರೀ?" ಎಂದ. ನಾನು ಕೈಯಾಡಿಸಿ ಬೇಡ ಎಂದೆ.

ನಂದೂರಿನವರೆಗೆ ಗಾಡಿ ಹಾರಿತು. ಬರುವಾಗ ಒಂದು ಕಡೆ ಒಣ ಕಿರುಚಾಟ ಕೇಳಿಸಿತು, ಹಿಂದಿನ ಗಾಲಿ ತಟ್ಟನೆ ನಿಂತು ನಾನು ರಸ್ತೆಗೆ ಬೀಳುವುದರಲ್ಲಿದ್ದೆ. ಅರ್ಧ ತಾಸು ಕಾದು ಮತ್ತೆ ಕಿಕ್ ಹೊಡೆದೆ. ಒಳಗೆ ಕಲ್ಲು ಅರೆದಂತೆ ಸದ್ದು ಮಾಡುತ್ತ ಗಾಡಿ ಹೇಗೋ ಬ್ರಹ್ಮಪುರದವರೆಗೆ ಬಂತು. ಹಿಟ್ಟಿನ ಗಿರಣಿಯ ಹತ್ತಿರ ಪೂರ್ತಿ ಕಚ್ಚಿ ನಿಂತಿತು. ಅಲ್ಲಿಂದ ಕ್ಲಚ್ಚು ಹಿಡಿದು ತಳ್ಳಿಕೊಂಡು ಮನೆಗೆ ಬಂದೆ. ಬೇರೆ ಗಲ್ಲಿಯಾಗಿದ್ದರೆ ಯಾರಾದರೂ, "ಏನಾತಪಾ?" ಎಂದು ಕೇಳುತ್ತಿದ್ದರು. ನಮ್ಮ ಗಲ್ಲಿಯಲ್ಲಿ ಆ ಗಾಡಿಯನ್ನು ತಳ್ಳುವುದೇ ಪದ್ಧತಿ. ಕಟ್ಟೆಯ ಮೇಲಿನ ಹಿರಿಯರೊಬ್ಬರು, "ಹುಡುಗ ಕಾಕಾನ ಮರ್ಯಾದಿ ಕಲ್ತಾನ" ಎಂದು ನನ್ನನ್ನು ಹೊಗಳಿದರು. ರಾತ್ರಿ ತಣ್ಣಗಾದರೆ ತಾನೇ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಉಂಡು ಮಲಗಿದೆ.

ಮರುದಿನ ಕಾಕಾ ಗಾಡಿ ತಳ್ಳುತ್ತ ಹೊರಟರು. ಕಾಕು ಇಳಕಲ್ ಸೀರೆಯುಟ್ಟು, ಮೂಗಿಗೆ ಮುತ್ತಿನ ನತ್ತು ಇಟ್ಟುಕೊಂಡು ಇಪ್ಪತ್ತು ಹೆಜ್ಜೆ ಹಿಂದೆ. ನಾನೂ ಅಜ್ಜಿಯೂ ಕಟ್ಟೆಯ ಮೇಲೆ. ತಿರುವಿನಲ್ಲಿ ಕಾಕಾ ಕಿಕ್ಕಿನ ಮೇಲೆ ಕಾಲಿಟ್ಟು ಒತ್ತಿದರು. ಅದು ಕೆಳಗಿಳಿಯಲಿಲ್ಲ. ಇಡೀ ಮೈಭಾರ ಹಾಕಿ ಒತ್ತಿದರು. ಕಲ್ಲು. ಕಾಕು ಗಿರಣಿಯ ಮಗ್ಗುಲಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿದ್ದಳು. ಹಿಟ್ಟು ಬೀಸಲು ಬಂದ ಹೆಂಗಸರು ಅವಳನ್ನೇ ನೋಡುತ್ತಿದ್ದರು. ಕಡೆಗೆ ಇಬ್ಬರೂ ತಿರುಗಿ ಬಂದರು. ಕಾಕಾ, "ಬಾ, ಬಸ್ಸಿಗೆ ಹೋಗೋಣ" ಎಂದದ್ದು ನನಗೆ ಕೇಳಿಸಿತು.

ಅಜ್ಜಿ ಕೈ ಅಡ್ಡ ಮಾಡಿದಳು. "ನಕೋ! ಹೊಂಟ ಕಾಲು ತಡೀತು. ಶಕುನ ಚಲೋ ಇಲ್ಲ. ನೀ ಸರಕಾರಿ ಕೆಲಸದಾಂವ, ಕೂತು ನೀರು ಕುಡದು ಹೋಗು. ಸೊಸಿ ಹೋಗೋದು ಬ್ಯಾಡ."

ಆಗ ನಾನು ಒಂದೇ ಒಂದು ಮಾತು ಹೇಳಬೇಕಾಗಿತ್ತು. "ಅಜ್ಜೀ, ಇದು ಶಕುನ ಅಲ್ಲ, ನಾ ಎಣ್ಣಿ ಹಾಕಿಸಿಲ್ಲ." ಇಷ್ಟು ಹೇಳಿದ್ದರೆ ಅಜ್ಜಿ ನನಗೆ ಎರಡು ಹೊಡೆದು ಕಾಕುವನ್ನು ಕಳಿಸುತ್ತಿದ್ದಳು. ಕಾಕು ನನ್ನ ಮುಖ ನೋಡಿದಳು. ಯಾಕೆ ನೋಡಿದಳೋ ಆಗ ತಿಳಿಯಲಿಲ್ಲ. ನಾನು ಕಟ್ಟೆಯ ಕಲ್ಲಿನ ಬಿರುಕನ್ನು ನೋಡುತ್ತ ಸುಮ್ಮನೆ ಕುಳಿತೆ. ಅವಳು ಒಳಗೆ ಹೋಗಿ ನತ್ತು ತೆಗೆದಿಟ್ಟಳು.

ಸಂಜೆ ಕಾಕಾ ಶಾಲು, ಹಾರ, ಒಂದು ಗೊನೆ ಕೆಂಪು ಬಾಳೆಹಣ್ಣು, ಜೊತೆಗೆ ಒಂದು ಬಟ್ಟೆಯ ಚೀಲ ಹಿಡಿದು ಬಂದರು. ವೇದಿಕೆಯ ಮೇಲೆ ಎರಡು ಕುರ್ಚಿ ಹಾಕಿದ್ದರಂತೆ, ಒಂದು ಹಾಗೇ ಉಳಿಯಿತಂತೆ. ಚೀಲದಲ್ಲಿ ಕುಬಸದ ಕಣ, ಅಕ್ಕಿ, ತೆಂಗಿನಕಾಯಿ, ಅರಿಷಿಣ ಕುಂಕುಮದ ಪೊಟ್ಟಣ ಇದ್ದವು. ಹತ್ತು ಜನ ಮುತ್ತೈದೆಯರ ನಡುವೆ ಅವಳ ಉಡಿಗೆ ಬೀಳಬೇಕಾದದ್ದು ಚೀಲದಲ್ಲಿ ಬಂದಿತ್ತು. ಕಾಕು ಅಕ್ಕಿಯನ್ನು ಡಬ್ಬಿಗೆ ಸುರಿದಳು. ಮರುದಿನ ಅದರ ಅನ್ನವನ್ನು ನಾನೂ ಉಂಡೆ. ನಾಚಿಕೆಯಾಯಿತು ಎಂದರೆ ಅದು ಕಡಿಮೆಯೇ.

ಮುಂದಿನ ವಾರ ಕಾಕಾ ಟಾಕಿಯ ಮುಚ್ಚಳ ತೆಗೆದು, ಬೆರಳು ಅದ್ದಿ, ಎರಡು ಬೆರಳ ನಡುವೆ ಉಜ್ಜಿ ನೋಡಿದ್ದನ್ನು ನಾನು ಕಿಟಕಿಯಿಂದ ಕಂಡೆ. ಎಣ್ಣೆ ಇದ್ದರೆ ಜಿಡ್ಡು ಉಳಿಯುತ್ತದೆ. ಅವರು ಧೋತರಕ್ಕೆ ಬೆರಳು ಒರೆಸಿಕೊಂಡು ಮುಚ್ಚಳ ಹಾಕಿದರು. ನನಗೆ ಒಂದು ಮಾತೂ ಆಡಲಿಲ್ಲ. "ನಂದೂ ನಿವೃತ್ತಿ, ಅದರದೂ ನಿವೃತ್ತಿ" ಎಂದು ಗಾಡಿಯನ್ನು ಹಿತ್ತಿಲ ಕೋಣೆಗೆ, ಜೋಳದ ಚೀಲಗಳ ಮಗ್ಗುಲಿಗೆ ಸೇರಿಸಿ ಹಳೆಯ ಜಮಖಾನೆ ಹೊದಿಸಿದರು. ಅಜ್ಜಿ ಹೋದಳು. ಆ ಸಮಾರಂಭವಾಗಿ ಒಂಬತ್ತು ವರ್ಷದ ಮೇಲೆ ಕಾಕಾ ಹೋದರು. ನನ್ನ ಮದುವೆಯಾಯಿತು, ಮಗಳು ಹುಟ್ಟಿದಳು. ಆ ಮಾತು ಮಾತ್ರ ನನ್ನ ಬಾಯಿಂದ ಹೊರಬೀಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡದ್ದು ವರ್ಷಗಟ್ಟಲೆ ಹಾಗೇ ಉಳಿಯಿತು. ಹಳೆಯದಾದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು.

ಪ್ರತಿ ವರ್ಷ ಖಂಡೇನವಮಿಗೆ ಕಾಕು ನಸುಕಿನಲ್ಲಿ ಎದ್ದು, ಮಿಂದು, ಮಡಿಯಲ್ಲಿ ಹಿತ್ತಿಲ ಕೋಣೆಗೆ ಹೋಗುವಳು. ನಾವು ಏಳುವ ಹೊತ್ತಿಗೆ ಗಾಡಿಯ ಹ್ಯಾಂಡಲಿಗೆ ಚೆಂಡುಹೂ, ದೀಪದ ಗಾಜಿಗೆ ಗಂಧದ ಬೊಟ್ಟು. ಈಳಿಗೆ, ಕತ್ತರಿ, ಗುದ್ದಲಿಗೆ ಪೂಜೆ ಮಾಡಿದಂತೆ ಇದಕ್ಕೂ ಮಾಡುತ್ತಾಳೆ ಎಂದುಕೊಂಡು ನಾವು ಕಾಯಿ ತಿನ್ನುತ್ತಿದ್ದೆವು.

ಕಾಕುಗೆ ಎಪ್ಪತ್ತು ದಾಟಿದಾಗ ಕಣ್ಣು ಮಂಜಾದವು. ಮೋತಿಬಿಂದು ಇರಬೇಕು, ಪೊರೆ ತೆಗೆಸಿದರಾಯಿತು ಎಂದು ಹೋದರೆ ಡಾಕ್ಟರರು ಕಾಚಬಿಂದು ಎಂದರು. ಹೋದ ನೋಟ ಬರುವುದಿಲ್ಲ, ಇದ್ದದ್ದು ಎಷ್ಟು ದಿನವೋ ಹೇಳಲಾಗುವುದಿಲ್ಲ. ಆಟೋದಲ್ಲಿ ಮನೆಗೆ ಹೊರಟೆವು. ಗಿರಣಿಯ ತಿರುವಿನಲ್ಲಿ ಕಾಕು ಹೇಳಿದಳು.

"ತಮ್ಮಾ, ಕಣ್ಣು ಪೂರಾ ಹೋಗೋದ್ರೊಳಗ ಒಮ್ಮೆ ಕಮಲಾಪುರ ನೋಡಬೇಕು."

"ನಾಳೇನೇ ಜೀಪ್ ಹೇಳ್ತೀನಿ ಕಾಕು."

"ಜೀಪ್ ಬ್ಯಾಡ. ಯಾವುದರ ಮ್ಯಾಲೆ ಹೊಂಟಿದ್ದೆ ಅದರ ಮ್ಯಾಲೇ ಹೋಗ್ತೀನಿ."

ಹತ್ತೊಂಬತ್ತು ವರ್ಷದಿಂದ ಜೋಳದ ಚೀಲಗಳ ನಡುವೆ ಕೂತ ಗಾಡಿ! ಆಗದು ಎಂದು ಹೇಳಬಹುದಿತ್ತು. ಅವಳು ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಅದೊಂದೇ. ಶಹಾಬಜಾರಿನ ಒಂದು ಸಣ್ಣ ಓಣಿಯಲ್ಲಿ ಹಳೆಯ ಗಾಡಿಗಳಿಗೆ ಜೀವ ಕೊಡುವ ಇಸ್ಮಾಯಿಲ್ ಉಸ್ತಾದರಿದ್ದರು. ಹೋಗಿ ಕರೆದೆ. ಗಾಡಿ ಮನೆಯಿಂದ ಹೊರಗೆ ಹೋಗಕೂಡದು, ಕೆಲಸ ತನ್ನ ಕಣ್ಣೆದುರಿಗೇ ಆಗಬೇಕು ಎಂದು ಕಾಕು ಹಟ ಹಿಡಿದಳು. ಉಸ್ತಾದರು ಪಾನಾ, ಬುಡ್ಡಿ, ಚಿಂದಿ ಅರಿವೆಗಳ ಗಂಟು ಕಟ್ಟಿಕೊಂಡು ನಮ್ಮ ಹಿತ್ತಿಲಿಗೆ ಬಂದರು. ನನಗೆ ಒಳಗೊಳಗೆ ಭಯ. ಎಂಜಿನ್ನು ಬಿಚ್ಚಿದರೆ ನನ್ನ ಗುಟ್ಟೂ ಬಿಚ್ಚುತ್ತದಲ್ಲ!

ಉಸ್ತಾದರು ತಲೆಭಾಗ ಬಿಚ್ಚಿ ಒಳಗೆ ಬೆರಳಾಡಿಸಿ ಹುಬ್ಬು ಗಂಟಿಕ್ಕಿದರು. ಒಳಗೆಲ್ಲ ಜೇನಿನ ಬಣ್ಣದ, ಗಾಜಿನಂತೆ ಗಟ್ಟಿಯಾದ ಒಂದು ಪದರ.

"ಇದೇನ್ರೀ ಸಾಬ್, ವಾರ್ನಿಸು ಹೊಡದಂಗ ಆಗ್ಯದ!" ಎಂದು ಚೂರು ಕೆರೆದು ಬೆಂಕಿಗೆ ಹಿಡಿದು ಮೂಸಿದರು. "ಯೇ ಗಾಡೀ ಕಾ ನಹೀಂ. ಇದು ಅಡಗಿ ಎಣ್ಣಿ!"

ಹೊಸ್ತಿಲ ಮೇಲೆ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ಕಾಕು, "ಕುಸುಬಿ ಎಣ್ಣಿ. ನಾನೇ ಹಾಕೀನಿ" ಎಂದಳು.

"ಯಾಕಮ್ಮಾ?"

"ಎಣ್ಣಿ ಇಲ್ದ ಒಣಗಿ ಕೂತದ ಅಂತ ಇವರ ಕಾಕಾ ಹೇಳಿದ್ರು. ಒಣಗಿದ್ದಕ್ಕ ಎಣ್ಣಿ ಹಾಕೋದು ಬ್ಯಾಡೇನು? ಅವರು ಹೋದಮ್ಯಾಲೆ ವರ್ಷಾ ಖಂಡೇನವಮಿಗೆ ಒಂದೊಂದು ಚಮಚ ಹಾಕ್ಕೋತ ಬಂದೆ."

ಬೇಸಿಗೆಯ ಸೂಟಿಯಲ್ಲಿ ಗಾಡಿ ನಿಲ್ಲಿಸುವ ಮೊದಲು ಕಾಕಾ ಪ್ಲಗ್ಗು ಬಿಚ್ಚಿ ಆ ತೂತಿನಿಂದ ಎರಡು ಹನಿ ಎಣ್ಣೆ ಬಿಡುತ್ತಿದ್ದರು. ಅದನ್ನು ಅವಳು ನೋಡಿ ಇಟ್ಟುಕೊಂಡಿದ್ದಳು. ಯಾವ ಎಣ್ಣೆ ಎಂಬುದನ್ನು ಮಾತ್ರ ಕೇಳಿರಲಿಲ್ಲ. ಮನೆಯಲ್ಲಿದ್ದ ಉತ್ತಮ ಎಣ್ಣೆ, ಗಾಣದಿಂದ ತಂದದ್ದು, ದೇವರ ನೈವೇದ್ಯ ಕರಿಯುವಂಥದ್ದು, ಅದನ್ನೇ ಹಾಕಿದ್ದಳು. ಮಡಿಯಲ್ಲಿ ಕುಳಿತು ಪಾನಾ ಹಿಡಿದು ಪ್ಲಗ್ಗು ಬಿಚ್ಚುವ ವಿಧವೆ ಹೆಂಗಸು ನನ್ನ ಕಣ್ಣಿಗೆ ಕಟ್ಟಿದಳು. ಉಸ್ತಾದರು ನಗಲು ಹೋದವರು ಅವಳ ಮುಖ ನೋಡಿ ತಡೆದುಕೊಂಡರು.

"ಅಮ್ಮಾ, ನಿಮ್ಮ ಎಣ್ಣಿ ಒಣಗಿ ಗೋಂದ ಆಗ್ಯದ. ಪಿಸ್ಟನ್ ಹಿಡಕೊಂಡು ಕೂತದ. ಆದ್ರ ಒಂದು ಮಾತು ಸಚ್ ಹೇಳ್ತೀನಿ, ಒಳಗ ಒಂದು ಚೂರೂ ತುಕ್ಕು ಹತ್ತಿಲ್ಲ. ಈ ಎಣ್ಣಿ ಇರದಿದ್ರ ಇದು ಇಷ್ಟೊತ್ತಿಗಿ ಮಣ್ಣು ಆಗಿರ್ತಿತ್ತು."

ಪಿಸ್ಟನ್ನು ಬಿಡಿಸಲು ಐದು ದಿನ ಹಿಡಿಯಿತು. ಉಸ್ತಾದರು ಬಡಿಗೆ ತೆ​ಗೆದುಕೊಂಡು ಬಡಿಯಲಿಲ್ಲ. ದಿನಾ ಬಂದು ಥಿನ್ನರು ಸುರಿಯುವರು, ಹೊರಗಿನಿಂದ ಬೆಂಕಿ ತೋರಿಸುವರು, ಕಟ್ಟಿಗೆಯ ತುಂಡಿಟ್ಟು ಮೆಲ್ಲಗೆ ನಾಲ್ಕು ಏಟು ಕೊಡುವರು, ಚಹಾ ಕುಡಿದು ಹೋಗುವರು. "ಜಬರದಸ್ತಿ ಮಾಡಿದ್ರ ಒಡೀತದ ಸಾಬ್. ಇಷ್ಟು ವರ್ಷ ಕೂತದ, ಏಳ್ಲಾಕ ನಾಕು ದಿನ ಬೇಕಲ್ಲ" ಎನ್ನುವರು. ಐದನೆಯ ದಿನ ಪಿಸ್ಟನ್ನು ಹೊರಗೆ ಬಂತು. ಅವರು ಅದನ್ನು ಒರೆಸಿ ಬೆಳಕಿಗೆ ಹಿಡಿದರು. ಮೈತುಂಬ ಮೇಲಿಂದ ಕೆಳಗೆ ಉದ್ದುದ್ದ ಗೀರುಗಳು.

"ಇದು ಅಮ್ಮಾರ ಎಣ್ಣಿ ಕೆಲಸ ಅಲ್ಲ. ಇದು ಅದಕ್ಕಿಂತ ಮೊದಲೇ ಸೀಜ್ ಆಗ್ಯದ. ಯಾರೋ ಆಯಿಲ್ ಇಲ್ದ ಜೋರ್ ಓಡಿಸ್ಯಾರ. ಯಾರು ಸಾಬ್ ಆ ಬೇವಕೂಫ?"

ನಾನು ಬಾಯಿ ತೆರೆದೆ. ನನಗಿಂತ ಮೊದಲು ಕಾಕು ತಲೆ ಎತ್ತದೆ, ಬತ್ತಿ ಹೊಸೆಯುತ್ತಲೇ ಹೇಳಿದಳು. "ಹಳೇ ಮಾತು ಉಸ್ತಾದ. ಹುಡುಗರ ಕೈಯಾಗ ಸಿಕ್ಕಿತ್ತು. ನೀವು ಮುಂದಿಂದು ನೋಡ್ರಿ."

ಕಾಕಾನಿಗೆ ಗೊತ್ತಿದ್ದಿರಬಹುದು ಎಂಬ ಅನುಮಾನ ನನಗಿತ್ತು. ಇವಳಿಗೂ ಗೊತ್ತಿತ್ತು! ಗೊತ್ತಿದ್ದೂ ಅಷ್ಟು ವರ್ಷ ನನಗೆ ಅನ್ನ ಬಡಿಸಿ, ಮೊದಲು ಮರೆಯದೆ ಅನ್ನಶುದ್ಧಿ ಹಾಕಿದ್ದಳು.

ಸಿಲಿಂಡರಿನ ಬೋರು ಕೊರೆಸಿ, ಹೊಸ ಪಿಸ್ಟನ್ನು ಹುಡುಕಿ ತಂದು, ಟಾಕಿ ತೊಳೆದು, ವೈರು ಬದಲಿಸಿ, ಗಾಡಿ ಕೂಡಿಸಲು ಮತ್ತೆ ಹದಿನೈದು ದಿನ ಬೇಕಾದವು. ಹಿತ್ತಿಲಲ್ಲಿ ಉಸ್ತಾದರು ಕಿಕ್ ಹೊಡೆದರು. ಹತ್ತನೆಯದಕ್ಕೋ ಹನ್ನೊಂದನೆಯದಕ್ಕೋ ಅದು ಕೆಮ್ಮಿತು, ಇನ್ನೊಂದಕ್ಕೆ ಫಟಫಟ ಎಂದು ಎದ್ದು ನಿಂತಿತು. ಹಿಂದಿನಿಂದ ಬಿಳೀ ಹೊಗೆ. ಒಳಗೆ ಎಲ್ಲೆಲ್ಲೋ ಉಳಿದಿದ್ದ ಕುಸುಬಿ ಎಣ್ಣೆಯೆಲ್ಲ ಸುಡುತ್ತಿತ್ತು. "ಯಾ ಅಲ್ಲಾ! ಸಾಬ್, ಗಾಡಿ ಭಜಿ ಕರೀಲಾಕತ್ತದ!" ಎಂದರು ಉಸ್ತಾದರು. ಕಾಕು, "ಅಗಬಾಯಿ!" ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತ ನಗುತ್ತ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅದರ ಮುಂದಿನ ಭಾನುವಾರ ಹೊರಟೆವು. ನಾನು ಗಾಡಿಯನ್ನು ಬಾಗಿಲ ಮುಂದೆ ನಿಲ್ಲಿಸಿ ಚಾಲೂ ಮಾಡಿ, ಕಾಕು ಬರಲಿ ಎಂದು ನೋಡುತ್ತಿದ್ದೆ. ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗೆ ಹೋಗಿ ಕೇಳಿದರೆ ಹೆಂಡತಿ, "ಆಗಲೇ ಹೋದ್ರಲ್ಲ" ಎಂದಳು. ಹೊರಗೆ ಬಂದು ನೋಡಿದೆ. ಗಲ್ಲಿಯ ತುದಿಯಲ್ಲಿ, ಗಿರಣಿಯ ಮಗ್ಗುಲಲ್ಲಿ, ತಲೆಯ ಮೇಲೆ ಸೆರಗು ಹೊದ್ದು ಕಾಕು ನಿಂತಿದ್ದಳು. ಗಿರಣಿ ಮುಚ್ಚಿ ವರ್ಷಗಳಾಗಿದ್ದವು. ಕಟ್ಟೆಗಳ ಮೇಲೆ ಜಪ ಮಾಡುವವರು ಒಬ್ಬರೂ ಉಳಿದಿರಲಿಲ್ಲ. ಬೇಡವೆನ್ನುವ ಅತ್ತೆ ಇರಲಿಲ್ಲ. ಮುಂದೆ ಗಾಡಿ ತಳ್ಳುವ ಗಂಡನೂ ಇರಲಿಲ್ಲ. ನಾನು ಎಂಜಿನ್ನು ಬಂದ್ ಮಾಡಿದೆ. ಗಾಡಿ ತಳ್ಳಿಕೊಂಡು ತಿರುವಿಗೆ ಹೋದೆ.

ಅವಳು ನನ್ನ ಭುಜ ಹಿಡಿದು, ಒಂದೇ ಕಡೆ ಕಾಲು ಬಿಟ್ಟು ಕೂತಳು. ಸೀರೆ ಸರಿಮಾಡಿಕೊಂಡಳು. ಆಮೇಲೆ ನನ್ನ ಕಿವಿಯ ಹತ್ತಿರ ಮೆಲ್ಲಗೆ ಕೇಳಿದಳು.

"ಅನ್ನಶುದ್ಧಿ ಹಾಕೀ ಹೌದಲ್ಲೋ?"

ನನ್ನ ಕಾಲು ಕಿಕ್ಕಿನ ಮೇಲೆಯೇ ನಿಂತಿತು. "ಹಾಕೀನಿ ಕಾಕು. ಆವತ್ತು ಹಾಕಿದ್ದಿಲ್ಲ."

"ಗೊತ್ತದ. ಹೊಡಿ ಇನ್ನ."

ಕಮಲಾಪುರ ಹತ್ತಿರವಾದಂತೆ ತೊಗರಿಯ ಹೊಲಗಳ ಕರಿಮಣ್ಣು ಮುಗಿದು ಕೆಂಪು ಮಣ್ಣು ಸುರುವಾಯಿತು. ಎಷ್ಟು ಕಾಣಿಸುತ್ತಿತ್ತೋ ಅಷ್ಟನ್ನು ಅವಳು ನೋಡುತ್ತ ಬಂದಳು. ಶಾಲೆಗೆ ಭಾನುವಾರ ಬೀಗ. ನನ್ನ ರಜೆ ನೋಡಿಕೊಂಡು ಬಂದವನಿಗೆ ಶಾಲೆಗೂ ಅಂದೇ ರಜೆ ಎಂಬುದು ಹೊಳೆದಿರಲಿಲ್ಲ. ಕಾಕು ಬೇಸರಪಡಲಿಲ್ಲ. ಗೇಟಿನ ಸರಳು ಹಿಡಿದು ನಿಂತಳು. ಬೇವಿನ ಮರ ಇತ್ತು. "ಹಳಿ ತುಂಡು ಇನ್ನೂ ತೂಗಲಾಕತ್ತದೇನು?" ಎಂದು ಕೇಳಿದಳು. ಇದೆ ಎಂದೆ. "ಎರಡು ಕುರ್ಚಿ ಹಾಕಿದ್ರಂತಲ್ಲ, ಎಲ್ಲಿ ಹಾಕಿದ್ರೋ" ಎಂದಳು. ನಾನು ಪಡಸಾಲೆಯ ಕಡೆ ಕೈ ತೋರಿಸಿದೆ. "ನಿನಗೇನು ಗೊತ್ತು, ನೀನೂ ಬಂದಿಲ್ಲ" ಎಂದಳು. ಅದೂ ನಿಜವೇ.

ಆಮೇಲೆ ಸರಳು ಬಿಡದೆ ಹೇಳಿದಳು. "ಗಾಡಿ ಕೆಟ್ಟಿದ್ದಕ್ಕ ನನಗ ಕೆಡಕ ಅನಿಸಿಲ್ಲ ತಮ್ಮಾ. ಅತ್ತಿ ಶಕುನ ಅಂದಾಗ ನೀ ಸುಮ್ಮನ ಕೂತಿ ನೋಡು, ಅದಕ್ಕ ಭಾಳ ಕೆಡಕ ಅನಿಸ್ತು. ಏನೋ ಮಾಡೀ ಅಂತ ನಿನ್ನ ಮಾರಿ ನೋಡಿದಾಗೇ ತಿಳೀತು. ಎಣ್ಣಿ ಮಾತು ಕಾಕಾ ಆಮ್ಯಾಲೆ ಹೇಳಿದ್ರು. ಕೇಳಿಬಿಡ್ರಿ ಅವಗ ಅಂತ ನಾ ಎಷ್ಟೋ ಸಲ ಅಂದೆ. ಬ್ಯಾಡ, ತಾನೇ ಬಂದು ಹೇಳ್ತಾನ, ಹಾದಿ ನೋಡೋಣ ಅಂದ್ರು. ಕಡೀತನಕ ಹಾದಿ ನೋಡಿದ್ರು."

ನಾನು ಆ ಗೇಟಿನ ಮುಂದೆ, ನಲವತ್ತು ವರ್ಷದ ಗಂಡಸು, ದಾರಿಹೋಕರೆಲ್ಲ ನೋಡುವಂತೆ ಅತ್ತೆ. ಅವರು ಕ್ಷಮಿಸಿದ್ದರು, ಅದು ಕಾಕಾನ ದೊಡ್ಡಗುಣ. ಆದರೆ ಆ ಕ್ಷಮೆ ನನ್ನ ಕೈಗೆ ಬರಲೇ ಇಲ್ಲ. ಅವರು ನನ್ನ ಮಾತಿನ ಹಾದಿ ನೋಡಿದರು, ನಾನು ಅವರ ಬೈಗಳ ಹಾದಿ ನೋಡಿದೆ, ಒಂದೇ ಮನೆಯಲ್ಲಿ ಒಂಬತ್ತು ವರ್ಷ. ಬರುವಾಗ ಕಾಕು ಕೆಂಪು ಬಾಳೆಹಣ್ಣು ಕೊಳ್ಳಲು ಹೇಳಿದಳು. ಒಂದು ಸುಲಿದು ನನ್ನ ಕೈಗೆ ಕೊಟ್ಟಳು, ಒಂದು ತಾನು ತಿಂದಳು. ಮರುವರ್ಷ ಅವಳ ಕಣ್ಣು ಪೂರ್ತಿ ಹೋದವು. ಈಗ ಅವಳೂ ಇಲ್ಲ.

ಭಜಿ ಆದವು ಎಂದು ಹೆಂಡತಿ ಕೂಗಿದಳು. ನಾನು ಎದ್ದು ಒಳಗೆ ಹೋದೆ. ಮಗಳು ಇನ್ನೂ ಅದೇ ಪುಟ ಓದುತ್ತಿದ್ದಳು. ತಾನಾಗಿಯೇ ಹೇಳಲಿ, ಹಾದಿ ನೋಡೋಣ ಎಂದು ಒಂದು ಗಳಿಗೆ ನನಗೂ ಅನಿಸಿತು. ದೊಡ್ಡ ಮನುಷ್ಯನಾಗುವುದು ಯಾರಿಗೆ ಬೇಡ? ಪುಸ್ತಕವನ್ನು ಅವಳ ಕೈಯಿಂದ ತೆಗೆದು ಮುಚ್ಚಿಟ್ಟೆ.

"ಕನ್ನಡಿ ಹೆಂಗ ಒಡೀತು?"

ಅವಳ ಕಣ್ಣು ನೆಲದ ಕಲ್ಲಿನ ಬಿರುಕಿಗೆ ಇಳಿದವು. ಆ ಬಿರುಕಿನ ಪರಿಚಯ ನನಗೆ ಚೆನ್ನಾಗಿದೆ.

"ಹೇಳವ್ವಾ. ನಾ ಬೈತೀನಿ, ಬೈಯದ ಬಿಡಂಗಿಲ್ಲ. ಆದ್ರ ಇವತ್ತೇ ಹೇಳು."

ಹೇಳಿದಳು. ಯಾರದೋ ಗಾಡಿ ಹತ್ತಿರ ಬಂತೆಂದು ಹೆದರಿ ಬಿದ್ದದ್ದು, ಮೊಣಕೈ ತರಚಿದ್ದು, ಉದ್ದ ತೋಳಿನ ಅಂಗಿ ತೊಟ್ಟು ಅದನ್ನೂ ಮುಚ್ಚಿದ್ದು, ಎಲ್ಲ ಹೇಳಿದಳು. ನಾನು ಬೈದೆ. ಹೊಟ್ಟೆತುಂಬ ಬೈದೆ. ನನಗೆ ಹತ್ತೊಂಬತ್ತು ವರ್ಷ ಸಿಗದೇ ಉಳಿದಿದ್ದನ್ನೆಲ್ಲ ಅವಳಿಗೆ ಹತ್ತು ನಿಮಿಷದಲ್ಲಿ ಕೊಟ್ಟು ಮುಗಿಸಿದೆ. ಅವಳು ಅತ್ತಳು, ಮೂಗು ಒರೆಸಿಕೊಂಡಳು, ಮೊಣಕೈಗೆ ಅರಿಷಿಣ ಹಚ್ಚಿಸಿಕೊಂಡಳು. ಆಮೇಲೆ ನನ್ನ ತಾಟಿನೊಳಗಿನ ಎರಡು ಭಜಿ ಎತ್ತಿಕೊಂಡು ತಿನ್ನುತ್ತ ಕೂತಳು.